ಬೆಟ್ಟದ ಮೇಲಿನ ಬಿಳಿಯ ಕುದುರೆ

ದಕ್ಷಿಣ ಇಂಗ್ಲೆಂಡಿನಲ್ಲಿ ಹರಡಿಕೊಂಡಿರುವ ಗುಡ್ಡಗಳು ಬಹುಮಟ್ಟಿಗೆ ಸೀಮೆಸುಣ್ಣದ ಗುಡ್ಡಗಳು. ಕೈಗೆ ಬಿಳಿಯ ಹುಡಿ ಅಂಟಿಸುವ ಆ ಮೆತ್ತನೆಯ ಕಲ್ಲೇ ಅಲ್ಲಿ ನೆಲದ ಒಡಲು. ಅದರ ಮೇಲೆ ತೆಳುವಾದ ಮಣ್ಣು. ಮಣ್ಣಿನ ಮೇಲೆ ಕುರಿಗಳು ಮೇಯುವ ಹಸುರು ಹುಲ್ಲು. ಆ ಹುಲ್ಲುಹೊದಿಕೆಯನ್ನು ಹೆರೆದು ತೆಗೆದರೆ ಹಸುರಿನ ನಡುವೆ ಬಿಳಿಯ ಗೆರೆ ಎದ್ದು ಕಾಣುತ್ತದೆ. ಹೀಗೆ ಬೆಟ್ಟದ ಇಳಿಜಾರನ್ನೇ ಹಲಗೆಯನ್ನಾಗಿ ಮಾಡಿಕೊಂಡು ಅಲ್ಲಿಯ ಜನ ಬಿಡಿಸಿದ ಚಿತ್ರಗಳು ಹತ್ತಾರು ಇವೆ. ಅವುಗಳಲ್ಲಿ ಮೂರು ಹೆಚ್ಚು ಪ್ರಸಿದ್ಧವಾದುವು. ಅಫಿಂಗ್ಟನ್ ಎಂಬಲ್ಲಿ ಸುಮಾರು 110 ಮೀಟರ್ ಉದ್ದದ ಒಂದು ಕುದುರೆ. ಸರ್ನ್ ಆಬಾಸ್ ಎಂಬಲ್ಲಿ ಗದೆ ಎತ್ತಿ ನಿಂತಿರುವ 55 ಮೀಟರ್ ಎತ್ತರದ ದೈತ್ಯ. ವಿಲ್ಮಿಂಗ್ಟನ್ ಎಂಬಲ್ಲಿ ಎರಡು ಕೈಗಳಲ್ಲಿಯೂ ಒಂದೊಂದು ಕೋಲು ಹಿಡಿದ, 70 ಮೀಟರಿಗೂ ಮಿಗಿಲಾದ ‘ಉದ್ದ ಮನುಷ್ಯ’.

ಇವನ್ನು ಬಿಡಿಸಿದವರು ಯಾರು, ಏತಕ್ಕಾಗಿ ಬಿಡಿಸಿದರು? ಬಿಡಿಸಿದವರು ಏನನ್ನೂ ಬರೆದಿಟ್ಟು ಹೋಗಿಲ್ಲ. ಬರೆಹವಿಲ್ಲದೆಡೆ ಕಥೆ ಹುಟ್ಟುವುದು ಎಲ್ಲ ದೇಶಗಳ ವಾಡಿಕೆ. ನಮ್ಮಲ್ಲಿ ಶಿಲ್ಪಿಯ ಹೆಸರು ತಿಳಿಯದ ಗುಡಿಯನ್ನು ಜಕಣಾಚಾರಿಗೂ ಗೊತ್ತುಗುರಿಯಿಲ್ಲದ ಬಂಡೆಗುಂಡುಗಳನ್ನು ಪಾಂಡವರಿಗೂ ಒಪ್ಪಿಸಿ ನಿಶ್ಚಿಂತರಾಗುವುದಿಲ್ಲವೆ? ಹಾಗೆಯೇ ಅಲ್ಲಿಯವರು ಅಫಿಂಗ್ಟನ್ನಿನ ಕುದುರೆಯನ್ನು ಆಲ್‌ಫ್ರೆಡ್ ದೊರೆಗೆ ಒಪ್ಪಿಸಿದ್ದರು. 871ರಲ್ಲಿ ಡೇನರನ್ನು ಗೆದ್ದ ನೆನಪಿಗೆ ಅದನ್ನು ಕೆತ್ತಿಸಲಾಯಿತೆಂದು ಫ್ರಾನ್ಸಿಸ್ ವೈಸ್ ಎಂಬ ವಿದ್ವಾಂಸ 1738ರಲ್ಲಿ ವಾದಿಸಿದ. ಇನ್ನು ಕೆಲವರಿಗೆ ಅದು ಕುದುರೆಯೇ ಅಲ್ಲ, ಸಂತ ಜಾರ್ಜನು ಕೊಂದ ಘಟಸರ್ಪ.

ಇಪ್ಪತ್ತನೆಯ ಶತಮಾನದಲ್ಲಿ ಕಥೆಯ ವೇಷ ಬದಲಾಯಿತು. ರಾಜನೂ ಸಂತನೂ ಹಿಂದೆ ಸರಿದು, ‘ಕಳೆದುಹೋದ ವಿಜ್ಞಾನ’ ಎಂಬುದು ರಂಗಕ್ಕೆ ಬಂದಿತು. ಇದರ ಮೊದಲ ಹೆಜ್ಜೆ ಇಟ್ಟವನು ಹೆರಿಫರ್ಡಿನ ವ್ಯಾಪಾರಿ ಆಲ್‌ಫ್ರೆಡ್ ವಾಟ್ಕಿನ್ಸ್. ಈತ ನಿಪುಣ ಛಾಯಾಚಿತ್ರಕಾರ. ಬೆಳಕನ್ನು ಅಳೆಯುವ ಉಪಕರಣವೊಂದನ್ನು ರೂಪಿಸಿ ಹೆಸರಾದವನು. 1921ರ ಬೇಸಗೆಯಲ್ಲಿ, ತನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಆತನಿಗೆ ಒಂದು ವಿಚಾರ ಹೊಳೆಯಿತು. ಹಳೆಯ ದಿಬ್ಬಗಳು, ನಿಲುಗಲ್ಲುಗಳು, ಕೋಟೆಗಳು, ಚರ್ಚುಗಳು ನಕ್ಷೆಯ ಮೇಲೆ ಸರಳರೇಖೆಗಳಲ್ಲಿ ಸಾಲುಗೂಡಿವೆ ಎಂಬುದೇ ಆ ವಿಚಾರ. ಈ ರೇಖೆಗಳನ್ನು ಆತ ‘ಲೇ’ ಎಂದು ಕರೆದು, 1925ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಅವನ ಪ್ರಕಾರ ಅವು ಪ್ರಾಚೀನ ವರ್ತಕರ ನೇರ ದಾರಿಗಳು. ಎರಡು ಕೋಲುಗಳನ್ನು ನೆಟ್ಟು ದೂರದ ಗುರಿಯನ್ನು ನೋಡಿ ದಾರಿಯನ್ನು ಅಳೆದವರು ಅಂದಿನ ಭೂಮಾಪಕರು. ವಿಲ್ಮಿಂಗ್ಟನ್ನಿನ ಉದ್ದ ಮನುಷ್ಯನ ಕೈಯಲ್ಲಿ ಇರುವುದೂ ಎರಡು ಕೋಲುಗಳು. ಅವನೇ ಆ ಭೂಮಾಪಕ ಎಂದು ವಾಟ್ಕಿನ್ಸ್ ನಿರ್ಧರಿಸಿದ.

ವಾಟ್ಕಿನ್ಸನ ಊಹೆಯಲ್ಲಿ ಅತಿಮಾನುಷವಾದುದು ಏನೂ ಇರಲಿಲ್ಲ. ಅವನ ರೇಖೆಗಳ ಮೇಲೆ ನಡೆಯುತ್ತಿದ್ದವರು ಉಪ್ಪು ಹೊತ್ತ ಮನುಷ್ಯರು. ಆದರೂ ವಿದ್ವಾಂಸರು ಅವನನ್ನು ಹತ್ತಿರ ಸೇರಿಸಲಿಲ್ಲ. ‘ಆಂಟಿಕ್ವಿಟಿ’ ಪತ್ರಿಕೆಯ ಸಂಪಾದಕ ಕ್ರಾಫರ್ಡ್ ಆ ಪುಸ್ತಕದ ಜಾಹೀರಾತನ್ನು ಕೂಡ ಸ್ವೀಕರಿಸಲೊಲ್ಲದೆ ಹೋದ. ವಿಚಾರ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಕೈಗಳಿಗೆ ಹೋಯಿತು. 1961ರಲ್ಲಿ ಟೋನಿ ವೆಡ್ ಎಂಬ ಮಾಜಿ ವಿಮಾನಚಾಲಕ ಈ ರೇಖೆಗಳನ್ನು ಹಾರುವ ತಟ್ಟೆಗಳ ಪಥಗಳೊಡನೆ ಗಂಟುಹಾಕಿದ. 1969ರಲ್ಲಿ ಜಾನ್ ಮಿಚೆಲ್ ಬರೆದ ಪುಸ್ತಕದಲ್ಲಿ ಅವು ಭೂಮಿಯೊಳಗಿನ ಯಾವುದೋ ಶಕ್ತಿಯ ನಾಳಗಳಾದುವು. ಅವನ್ನು ಬಲ್ಲ ಒಂದು ಮಹಾ ನಾಗರಿಕತೆ ಇತ್ತೆಂದೂ ಅದರ ವಿಜ್ಞಾನ ಅಳಿದುಹೋಯಿತೆಂದೂ ಸೂಚಿತವಾಯಿತು. ಅಲ್ಲಿಂದೀಚೆಗೆ ಬಿಳಿಯ ಕುದುರೆ ಒಬ್ಬರಿಗೆ ಆಕಾಶಯಾನಿಗಳ ಗುರುತುಫಲಕವಾಯಿತು, ಮತ್ತೊಬ್ಬರಿಗೆ ಶಕ್ತಿಕೇಂದ್ರವಾಯಿತು.

ಇಂಥ ವಾದಗಳನ್ನು ನಕ್ಕು ತಳ್ಳಿಹಾಕುವುದು ಸುಲಭ. ತಳ್ಳಿಹಾಕುವ ಮೊದಲು ಅವುಗಳ ಆಧಾರವನ್ನು ಪರಿಶೀಲಿಸುವುದು ನ್ಯಾಯ. ಆಧಾರಗಳು ಮುಖ್ಯವಾಗಿ ಎರಡು.

ಮೊದಲನೆಯದು ಸರಳರೇಖೆಗಳ ಸಾಕ್ಷ್ಯ. ಒಂದು ಸೇರು ರಾಗಿಯನ್ನು ಅಂಗಳದಲ್ಲಿ ಚೆಲ್ಲಿ, ಅದರ ಮೇಲೆ ಎಲ್ಲಿಯಾದರೂ ಒಂದು ನೇರವಾದ ಕೋಲನ್ನು ಇಟ್ಟು ನೋಡಿ. ಕೋಲಿನ ಅಂಚಿಗೆ ಹತ್ತಾರು ಕಾಳುಗಳು ತಾಗಿಯೇ ತಾಗುತ್ತವೆ. ಕಾಳುಗಳು ಗೊತ್ತುಮಾಡಿಕೊಂಡು ಸಾಲುಗಟ್ಟಿದುವೆಂದು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನ ನೆಲದಲ್ಲಿ ಪ್ರಾಚೀನ ಸ್ಥಳಗಳು ಹೀಗೆಯೇ ಒತ್ತೊತ್ತಾಗಿ ಚೆಲ್ಲಿವೆ. ಟಾಮ್ ವಿಲಿಯಮ್ಸನ್ ಮತ್ತು ಲಿಜ್ ಬೆಲಮಿ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಲೆಕ್ಕಾಚಾರಸಹಿತ ತೋರಿಸಿಕೊಟ್ಟರು. ಸಾಲದುದಕ್ಕೆ ಒಂದೇ ರೇಖೆಯ ಮೇಲೆ ನವಶಿಲಾಯುಗದ ದಿಬ್ಬವೂ ಅದಕ್ಕಿಂತ ಸಾವಿರಾರು ವರ್ಷ ಈಚಿನ ಚರ್ಚೂ ಕೂಡಿ ಬರುತ್ತವೆ.

ಎರಡನೆಯದು ಆಕಾಶದ ಸಾಕ್ಷ್ಯ. ಅಫಿಂಗ್ಟನ್ನಿನ ಕುದುರೆ ಬುಡದಲ್ಲಿ ನಿಂತವರಿಗೆ ಪೂರ್ಣವಾಗಿ ಕಾಣುವುದಿಲ್ಲ ಎಂಬುದು ನಿಜ. ಹಾರಲು ಬಾರದವರು ಅದನ್ನು ಬಿಡಿಸಿದ್ದು ಹೇಗೆ ಎಂದು ಕೇಳುವವರಿಗೆ ಚೆರ್‌ಹಿಲ್ ಎಂಬ ಊರಿನ ಕುದುರೆ ಉತ್ತರ ಹೇಳುತ್ತದೆ. ಅದನ್ನು 1780ರಲ್ಲಿ ಮಾಡಿಸಿದವನು ಆಲ್ಸಪ್ ಎಂಬ ವೈದ್ಯ. ಆತ ದೂರದಲ್ಲಿ ನಿಂತು, ತುತೂರಿಯಂಥ ಕೊಳವೆಯಲ್ಲಿ ಕೂಗಿ ಕೂಗಿ, ಗೆರೆ ಎಲ್ಲಿ ಬಾಗಬೇಕು ಎಲ್ಲಿ ನಿಲ್ಲಬೇಕು ಎಂದು ಕೆಲಸಗಾರರಿಗೆ ಹೇಳಿದನೆಂದು ಪ್ರತೀತಿ. ಪೆರು ದೇಶದ ನಾಸ್ಕಾ ಮರುಭೂಮಿಯ ಚಿತ್ರಗಳ ಬಗೆಗೂ ಇದೇ ಸಂಶಯ ಎದ್ದಾಗ, 1982ರಲ್ಲಿ ಜೋ ನಿಕೆಲ್ ಎಂಬ ಅಮೆರಿಕದ ಸಂಶೋಧಕ ತನ್ನ ಮನೆಯವರನ್ನು ಕಟ್ಟಿಕೊಂಡು, ಗೂಟ ಮತ್ತು ದಾರಗಳ ನೆರವಿನಿಂದ 440 ಅಡಿಯ ಹಕ್ಕಿಯೊಂದನ್ನು ಹೊಲದಲ್ಲಿ ಬಿಡಿಸಿ ತೋರಿಸಿದ. ಎಣಿಸಿ ಚುಕ್ಕಿಯಿಟ್ಟು ಅಂಗಳದ ತುಂಬ ರಂಗವಲ್ಲಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ನೋಡುವವರು ನಿಜವಾಗಿಯೂ ಬಂದಾಗ, ಜರ್ಮನ್ ವಿಮಾನಗಳಿಗೆ ದಾರಿಯ ಗುರುತಾಗದಿರಲೆಂದು ಈ ಕುದುರೆಯನ್ನು ಮುಚ್ಚಿಡಬೇಕಾಯಿತು.

ಹಾಗಾದರೆ ಈ ಚಿತ್ರಗಳ ನಿಜವಾದ ವಯಸ್ಸೆಷ್ಟು? ಇದಕ್ಕೆ ಉತ್ತರ ದೊರೆತದ್ದು ಒಂದು ಸೊಗಸಾದ ವಿಧಾನದಿಂದ. ಮಣ್ಣಿನೊಳಗೆ ಹುದುಗಿದ ಬೆಣಚುಕಲ್ಲಿನ ಕಣಗಳು ಸುತ್ತಲಿನ ಸಹಜ ವಿಕಿರಣದ ಪ್ರಭಾವವನ್ನು ಕತ್ತಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೂಡಿಸಿಟ್ಟುಕೊಳ್ಳುತ್ತವೆ. ಬಿಸಿಲು ಬಿದ್ದರೆ ಆ ಸಂಗ್ರಹ ಅಳಿದುಹೋಗುತ್ತದೆ. ಆದ್ದರಿಂದ ಕಣವನ್ನು ಬಿಸಿಲಿಗೆ ತಾರದೆ ಪ್ರಯೋಗಾಲಯಕ್ಕೆ ಒಯ್ದು ಅಳೆದರೆ, ಅದು ಕಟ್ಟಕಡೆಗೆ ಸೂರ್ಯನನ್ನು ಕಂಡದ್ದು ಎಷ್ಟು ಕಾಲದ ಹಿಂದೆ ಎಂಬುದು ತಿಳಿಯುತ್ತದೆ. 1990ರ ಸುಮಾರಿಗೆ ಡೇವಿಡ್ ಮೈಲ್ಸ್ ಮತ್ತು ಸೈಮನ್ ಪಾಮರ್ ಎಂಬ ಆಕ್ಸ್‌ಫರ್ಡಿನ ಪ್ರಾಕ್ತನಶಾಸ್ತ್ರಜ್ಞರು ಅಫಿಂಗ್ಟನ್ನಿನಲ್ಲಿ ಅಗೆದರು. ಅಲ್ಲಿಯ ಮಣ್ಣಿಗೆ ಈ ವಿಧಾನವನ್ನು ಅನ್ವಯಿಸಿದಾಗ ಕ್ರಿ.ಪೂ. 1380ರಿಂದ 550ರ ನಡುವಣ ಕಾಲ ಹೊರಬಿತ್ತು. ಆಲ್‌ಫ್ರೆಡ್ ದೊರೆ ಹುಟ್ಟುವ ಹೊತ್ತಿಗಾಗಲೇ ಕುದುರೆ ಪುರಾತನವಾಗಿತ್ತು! 2003ರಲ್ಲಿ ವಿಲ್ಮಿಂಗ್ಟನ್ನಿನಲ್ಲಿ ನಡೆದ ಶೋಧನೆ ಇದಕ್ಕೆ ವಿರುದ್ಧವಾದ ಬೆರಗನ್ನು ತಂದಿತು. ವಾಟ್ಕಿನ್ಸನ ಆದಿಕಾಲದ ಭೂಮಾಪಕ ಹದಿನಾರು ಇಲ್ಲವೆ ಹದಿನೇಳನೆಯ ಶತಮಾನದವನೆಂದು ಅದು ಸೂಚಿಸಿತು. ಸರ್ನ್ ಆಬಾಸಿನ ದೈತ್ಯನ ಕಾಲ ಕ್ರಿ.ಶ. 700ರಿಂದ 1100ರ ನಡುವೆ ಎಂದು 2021ರಲ್ಲಿ ಪ್ರಕಟವಾಯಿತು. ಆತನನ್ನು ಇತಿಹಾಸಪೂರ್ವದವನೆಂದವರೂ ಹದಿನೇಳನೆಯ ಶತಮಾನದವನೆಂದವರೂ ಒಟ್ಟಿಗೆ ಸೋತರು. ಮೂರು ಚಿತ್ರಗಳು ಮೂರು ಬೇರೆ ಬೇರೆ ಯುಗಗಳವಾದ ಮೇಲೆ, ಅವೆಲ್ಲ ಒಂದೇ ಲುಪ್ತ ವಿಜ್ಞಾನದ ಅವಶೇಷಗಳೆಂಬ ಮಾತು ನಿಲ್ಲುವುದಿಲ್ಲ.

ಅಗೆತದಿಂದ ತಿಳಿದ ಮತ್ತೊಂದು ಸಂಗತಿ ನನಗೆ ಇನ್ನೂ ಮಹತ್ತ್ವದ್ದಾಗಿ ತೋರುತ್ತದೆ. ಅಫಿಂಗ್ಟನ್ನಿನ ಕುದುರೆಯನ್ನು ಕೇವಲ ಹುಲ್ಲು ಹೆರೆದು ಮಾಡಿರಲಿಲ್ಲ. ಒಂದು ಮೀಟರಿನಷ್ಟು ಆಳದವರೆಗೆ ಕಂದಕ ತೋಡಿ, ಅದರೊಳಗೆ ಸೀಮೆಸುಣ್ಣದ ಕಲ್ಲನ್ನು ತುಂಬಿ ಬಡಿದು ಗಟ್ಟಿಮಾಡಿದ್ದರು. ಇಷ್ಟು ಭದ್ರವಾಗಿ ಮಾಡಿದ್ದರೂ ಅದು ತನ್ನಷ್ಟಕ್ಕೆ ಉಳಿಯುವಂಥದಲ್ಲ. ಮಳೆಗೆ ಮೇಲಿನ ಮಣ್ಣು ಜಾರಿ ಬರುತ್ತದೆ. ಅಂಚಿನಿಂದ ಹುಲ್ಲು ಒತ್ತರಿಸುತ್ತದೆ. ಕೆಲವು ದಶಕಗಳ ಕಾಲ ಯಾರೂ ಕೈಹಚ್ಚದಿದ್ದರೆ ಕುದುರೆ ಹಸುರಿನಲ್ಲಿ ಕರಗಿಹೋಗುತ್ತದೆ. ಇದು ಬರಿಯ ಊಹೆಯಲ್ಲ. ಪ್ಲಿಮತ್ ನಗರದ ದಿಬ್ಬದ ಮೇಲೆ ಇಂಥವೇ ದೈತ್ಯಚಿತ್ರಗಳಿದ್ದುವು. ಅವನ್ನು ಚೊಕ್ಕಟಮಾಡಲು ಹಣ ತೆತ್ತ ಬಾಬು ಹದಿನೈದನೆಯ ಶತಮಾನದಿಂದ ಮೊದಲ್ಗೊಂಡು ನಗರದ ಲೆಕ್ಕದಲ್ಲಿದೆ. 1660ರ ದಶಕದಲ್ಲಿ ಅಲ್ಲಿ ಕೋಟೆ ಎದ್ದಿತು, ಚಿತ್ರ ಅಳಿಯಿತು. ಟೈಸೋ ಎಂಬ ಊರಿನ ಕೆಂಪುಮಣ್ಣಿನ ಕುದುರೆ ಇಂದು ಹೆಸರಿನಲ್ಲಿ ಮಾತ್ರ ಇದೆ.

ಅಂದಮೇಲೆ ಅಫಿಂಗ್ಟನ್ನಿನ ಕುದುರೆ ಉಳಿದದ್ದು ಹೇಗೆ? ಸುಮಾರು ಮೂರು ಸಾವಿರ ವರ್ಷ, ಎಂದರೆ ನೂರಕ್ಕೂ ಹೆಚ್ಚು ತಲೆಮಾರುಗಳ ಕಾಲ, ಮತ್ತೆ ಮತ್ತೆ ಜನ ಗುದ್ದಲಿ ಹಿಡಿದು ಬೆಟ್ಟ ಹತ್ತಿದ್ದಾರೆ. ಬೇರೆ ಉತ್ತರವಿಲ್ಲ. ಈ ನಡುವೆ ರೋಮನರು ಬಂದರು, ಹೋದರು, ಸ್ಯಾಕ್ಸನರು ಬಂದರು, ನಾರ್ಮನರು ಬಂದರು. ಭಾಷೆ ಬದಲಾಯಿತು, ದೇವರು ಬದಲಾದರು, ಒಡೆಯರು ಬದಲಾದರು. ಕುದುರೆಯ ಅರ್ಥವೇ ಮರೆತುಹೋಯಿತು. ಹಾಗಿದ್ದರೂ ಕಳೆ ಕೀಳುವ ಕೆಲಸ ಮರೆಯಲಿಲ್ಲ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಈ ಕೆಲಸ ಊರಹಬ್ಬವೇ ಆಗಿತ್ತು. ಕುಸ್ತಿ, ಓಟದ ಪಂದ್ಯ, ಇಳಿಜಾರಿನಲ್ಲಿ ಗಿಣ್ಣಿನ ಗಾಲಿಗಳನ್ನು ಉರುಳಿಸಿ ಬೆನ್ನಟ್ಟುವ ಆಟ ಎಲ್ಲವೂ ಜೊತೆಗೂಡುತ್ತಿದ್ದುವು. 1857ರ ಅಂಥ ಹಬ್ಬವನ್ನು ಅದೇ ಊರಿನಲ್ಲಿ ಹುಟ್ಟಿದ ಕಾದಂಬರಿಕಾರ ಥಾಮಸ್ ಹ್ಯೂಸ್ ಪುಸ್ತಕವಾಗಿ ಬರೆದಿಟ್ಟಿದ್ದಾನೆ. ಈಗ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಶ್ರಯದಲ್ಲಿ ಸ್ವಯಂಸೇವಕರು ಮಂಡಿಯೂರಿ ಕುಳಿತು, ಸುತ್ತಿಗೆಯಿಂದ ಹೊಸ ಸೀಮೆಸುಣ್ಣವನ್ನು ಕುಟ್ಟಿ ಗೆರೆಗಳನ್ನು ಬೆಳ್ಳಗಾಗಿಸುತ್ತಾರೆ. ಹುಲ್ಲು ಒತ್ತರಿಸಿ ಕುದುರೆಯ ತಲೆ, ಕತ್ತುಗಳು ಕಿರಿದಾಗಿದ್ದುದನ್ನು 2024ರಲ್ಲಿ ಸರಿಪಡಿಸಲಾಯಿತು.

ಲುಪ್ತ ವಿಜ್ಞಾನದ ವಾದಗಳಲ್ಲಿ ನನಗೆ ಅಸಮಾಧಾನ ತರುವುದು ಈ ಅಂಶ. ಅವು ಸುಳ್ಳೆಂಬುದಕ್ಕಿಂತ, ಅವು ಕೃತಘ್ನವಾದುವೆಂಬುದೇ ದೊಡ್ಡ ದೋಷ. ಬೆಟ್ಟದ ಮೇಲೆ ಬೆವರು ಸುರಿಸಿದವರ ಕೈಯಿಂದ ಅವರ ಕೆಲಸವನ್ನು ಕಿತ್ತು, ಎಂದೂ ಕಾಣದ ಮಹಾಮಹಿಮರ ಕೈಗೆ ಅವು ಕೊಟ್ಟುಬಿಡುತ್ತವೆ. ರೈತನಿಗೂ ಕುರುಬನಿಗೂ ಇಷ್ಟು ಬುದ್ಧಿ ಎಲ್ಲಿಂದ ಬಂದೀತು ಎಂಬ ತಾತ್ಸಾರ ಅವುಗಳ ತಳದಲ್ಲಿದೆ. ಕಣ್ಣಳತೆಯಿಂದ ಬೆಟ್ಟದಗಲ ಗೆರೆಯೆಳೆಯುವುದು ಒಂದು ವಿದ್ಯೆ. ಎಳೆದ ಗೆರೆಯನ್ನು ಮೊಮ್ಮಕ್ಕಳ ಮೊಮ್ಮಕ್ಕಳು ಕಾಯ್ದುಕೊಳ್ಳುವಂತೆ ಮಾಡುವುದು ಅದಕ್ಕಿಂತ ದೊಡ್ಡ ವಿದ್ಯೆ. ಅದಕ್ಕೆ ಯಂತ್ರ ಬೇಕಿಲ್ಲ. ಒಂದು ಗುದ್ದಲಿ ಬೇಕು, ಒಂದು ದಿನದ ಬಿಡುವು ಬೇಕು, ಅಪ್ಪನ ಜೊತೆಗೆ ಬೆಟ್ಟ ಹತ್ತುವ ಒಬ್ಬ ಮಗ ಬೇಕು. ಈ ವಿದ್ಯೆ ಅಫಿಂಗ್ಟನ್ನಿನಲ್ಲಿ ಎಂದೂ ಕಳೆದುಹೋಗಿರಲಿಲ್ಲ. ಕಳೆದುಹೋಗಿದ್ದರೆ ಯಾರ ವಾದಕ್ಕೂ ಅಲ್ಲಿ ಕುದುರೆಯೇ ಇರುತ್ತಿರಲಿಲ್ಲ.