ಸ್ಕ್ಯಾನಿಂಗ್ ಹೊಟ್ಟೆಯಿಂದ ಎದೆಗೆ

2020ರ ಮೇ ಮೊದಲ ವಾರ ಹಾವೇರಿ ಜಿಲ್ಲೆಯ ಮೊದಲ ಕೋವಿಡ್ ಪ್ರಕರಣ ಕಂಡದ್ದು ಸವಣೂರಿನಲ್ಲಿ. ಮರುವರ್ಷ ಎರಡನೇ ಅಲೆ ಬಂದಾಗ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಎಲ್ಲಿ ಹೋದರೂ ‘ಸ್ಕೋರ್ ಎಷ್ಟ್ ಬಂತ್ರಿ?’ ಎಂಬುದೇ ಮಾತು. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಹಾನಿ 25ಕ್ಕೆ ಎಷ್ಟು ಎಂಬ ಲೆಕ್ಕ ಅದು. ಅದಕ್ಕಾಗಿ ಏದುಸಿರು ಬಿಡುವವರನ್ನು ಹಾವೇರಿಗೋ ಹುಬ್ಬಳ್ಳಿಗೋ ಒಯ್ಯಬೇಕಿತ್ತು. ಶಿಗ್ಗಾವಿಗಾದರೆ ಹೆದ್ದಾರಿ ಮಗ್ಗುಲಲ್ಲೇ ಇದೆ. ಹಿರೇಕೆರೂರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಹೆಚ್ಚು. ಗರ್ಭಿಣಿಯರ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಯಂತ್ರದಿಂದಲೇ ಶ್ವಾಸಕೋಶ ನೋಡುವ ವಿದ್ಯೆ ಮಾತ್ರ ಅಷ್ಟರಲ್ಲಾಗಲೇ ಇಪ್ಪತ್ತು ವರ್ಷ ದಾಟಿತ್ತು.

ಆ ಯಂತ್ರ ಕಳಿಸುವ ಶಬ್ದದ ಅಲೆ ಗಾಳಿಯನ್ನು ದಾಟದೆ ಬಹುಪಾಲು ಹಿಂದಿರುಗುತ್ತದೆ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಅಲ್ಟ್ರಾಸೌಂಡಿಗೇನು ಕೆಲಸ ಎಂದು ದೊಡ್ಡ ಪಠ್ಯಪುಸ್ತಕಗಳೇ ಕೈಬಿಟ್ಟಿದ್ದವು. ಉಸಿರಾಡುವಾಗ ಶ್ವಾಸಕೋಶದ ಪೊರೆ ಸರಿದಾಡುವುದನ್ನು 1986ರಲ್ಲಿ ಬರೆದಿಟ್ಟವರು ಕುದುರೆ ವೈದ್ಯರು. ಮನುಷ್ಯರ ವೈದ್ಯರು ಅದನ್ನು ಓದುವುದುಂಟೇ! ಪ್ಯಾರಿಸ್ ಪಕ್ಕದ ಐಸಿಯು ವೈದ್ಯ ಡ್ಯಾನಿಯಲ್ ಲಿಚ್‌ಟೆನ್‌ಸ್ಟೈನ್ ಹಿಂದಿರುಗಿದ ಶಬ್ದ ತೆರೆಯ ಮೇಲೆ ಮೂಡಿಸುವ ಸುಳ್ಳು ಗೆರೆಗಳನ್ನೇ ಓದಲು ಹೊರಟರು. ಗಾಳಿ ತುಂಬಿದ ಕಡೆ ಅಡ್ಡಗೆರೆ, ಅಂದರೆ ಎ-ಲೈನ್. ನೀರು ಸೇರಿದ ಇಲ್ಲವೇ ಉರಿಯೂತವಾದ ಕಡೆ ಪೊರೆಯಿಂದ ತಳದವರೆಗೆ ಇಳಿಯುವ ಉದ್ದಗೆರೆ, ಅಂದರೆ ಬಿ-ಲೈನ್. ಇದರ ಮುಖ್ಯ ಲೇಖನ ಬಂದದ್ದು 1997ರಲ್ಲಿ. 2008ರ ‘ಬ್ಲೂ’ ಎಂಬ ತಪಾಸಣಾ ಕ್ರಮ ತೀವ್ರ ಉಸಿರಾಟದ ತೊಂದರೆಗೆ ಕಾರಣವನ್ನು ನೂರಕ್ಕೆ ತೊಂಬತ್ತು ಮಂದಿಯಲ್ಲಿ ಸರಿಯಾಗಿ ಹೇಳಿತು. 2012ರಲ್ಲಿ ಶ್ವಾಸಕೋಶದ ಅಲ್ಟ್ರಾಸೌಂಡಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ವೈರಾಣುವಿನ ವಿಷಯದಲ್ಲಿ 2009ರ ಎಚ್1ಎನ್1 ಮೊದಲ ದೊಡ್ಡ ಪಾಠವಾದರೆ, 2020ರಲ್ಲಿ ಚೀನಾ, ಇಟಲಿಯ ವೈದ್ಯರು ಕೋವಿಡ್‌ನ ಗುರುತುಗಳನ್ನು ಪಟ್ಟಿಮಾಡಿದರು.

ನೋಡುವ ಕ್ರಮ ಸರಳ. ರೋಗಿಯನ್ನು ಕೂರಿಸಿ, ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವೆ ಯಂತ್ರದ ಪ್ರೋಬ್ ಇಡಬೇಕು. ಬೆನ್ನಿನ ಕೆಳಭಾಗ ಬಿಡಬಾರದು, ಕೋವಿಡ್ ಅಲ್ಲೇ ಹೆಚ್ಚು ಕಾಣುತ್ತದೆ. ನುಣುಪಾಗಿರಬೇಕಾದ ಪೊರೆ ದಪ್ಪಗಾಗಿ ಹರಿದಂತೆ ಕಾಣುವುದು, ಒಂದೇ ಸಂದಿಯಲ್ಲಿ ಮೂರು ಅಥವಾ ಹೆಚ್ಚು ಬಿ-ಲೈನ್, ಪೊರೆಯಡಿ ಸಣ್ಣ ಗಟ್ಟಿ ತೇಪೆ: ಇವು ಗುರುತು. ಹನ್ನೆರಡು ಜಾಗಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟರೆ ಒಟ್ಟು 36. ವಿಕಿರಣವಿಲ್ಲ, ಆದ್ದರಿಂದ ಮರುದಿನ ಮತ್ತೆ ನೋಡಿ ಹೋಲಿಸಬಹುದು. ತಾಲ್ಲೂಕು ಆಸ್ಪತ್ರೆಗೆ ಇದರಿಂದಾಗುವ ನಿಜವಾದ ಉಪಕಾರ, ನನ್ನ ಮಟ್ಟಿಗೆ, ರೋಗಕ್ಕೆ ಹೆಸರಿಡುವುದಲ್ಲ. ಯಾರನ್ನು ಇಲ್ಲೇ ಇಟ್ಟುಕೊಳ್ಳುವುದು, ಯಾರನ್ನು ತಡಮಾಡದೆ ಆಂಬುಲೆನ್ಸ್ ಹತ್ತಿಸುವುದು ಎಂದು ಬೇರ್ಪಡಿಸುವುದು.

ಮಿತಿಗಳೂ ಉಂಟು. ಹೃದಯ ಸೋತವರಲ್ಲೂ ಬಿ-ಲೈನ್ ಬರುತ್ತದೆ. ಪೊರೆ ಮುಟ್ಟದ ಒಳಗಿನ ಗಾಯ ಕಾಣದು. ಯಾವ ವೈರಾಣು ಎಂದು ಹೇಳಲು ಗಂಟಲ ದ್ರವದ ಪರೀಕ್ಷೆಯೇ ಬೇಕು.

ಕಾನೂನಿನದು ಬೇರೆಯೇ ಕಥೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. 2012ರ ನಿಯಮದಂತೆ ಕೈಯಲ್ಲಿ ಒಯ್ಯುವ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಸಂಚಾರಿ ವೈದ್ಯಕೀಯ ಘಟಕದಲ್ಲಿ ಮಾತ್ರ ಬಳಸಬಹುದು. ಹೆಣ್ಣುಮಕ್ಕಳನ್ನು ಉಳಿಸಲು ಬೇಕಾದ ಕಟ್ಟುಪಾಡು ಇದು, ಸಡಿಲಿಸಿ ಎನ್ನಲು ನನಗೆ ಮನಸ್ಸಿಲ್ಲ. ಹೀಗಾಗಿ ಇಟಲಿಯಲ್ಲಿ ವೈದ್ಯರ ಜೇಬು ಸೇರಿದ ಪ್ರೋಬ್ ನಮ್ಮಲ್ಲಿ ಸಂಚಾರಿ ಘಟಕ ಬಿಟ್ಟರೆ ವಾರ್ಡಿನ ಬಾಗಿಲು ದಾಟದು. ಆದರೆ ಆ ವಾರ್ಡಿನೊಳಗೆ ಅದನ್ನು ಎದೆಗಿಡಲು ಯಾವ ಕಾಯ್ದೆಯೂ ಅಡ್ಡಿಯಿಲ್ಲ; ಬೇಕಿರುವುದು ಕಲಿತ ಕೈ.