ಬಿಳಿಯ ಡೋಡೋ: ಒಂದು ಚಿತ್ರಗ್ರಂಥದ ವಿಚಾರ

ಲಂಡನ್ನಿನ ಪ್ರಸಿದ್ಧ ಸಾಹುಕಾರ ಮನೆತನದಲ್ಲಿ ಜನಿಸಿದ ವಾಲ್ಟರ್ ರಾಥ್‌ಚೈಲ್ಡ್ (1868-1937) 1889ರಿಂದ 1908ರವರೆಗೆ ಮನೆತನದ ಬ್ಯಾಂಕಿನಲ್ಲಿ ಕುಳಿತನಾದರೂ ಅವನ ಮನಸ್ಸು ಲೆಕ್ಕದ ಪುಸ್ತಕಗಳಲ್ಲಿ ನಿಲ್ಲಲಿಲ್ಲ. ಅದು ನೆಲೆಸಿದ್ದು ಟ್ರಿಂಗ್ ಎಂಬ ಊರಿನಲ್ಲಿ ಅವನು ಸ್ಥಾಪಿಸಿ 1892ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ. 1905ರಲ್ಲಿ ಲಂಡನ್ನಿನಲ್ಲಿ ನೆರೆದ ಅಂತರರಾಷ್ಟ್ರೀಯ ಪಕ್ಷಿಶಾಸ್ತ್ರ ಸಮ್ಮೇಳನದಲ್ಲಿ ಅಳಿದುಹೋದ ಹಕ್ಕಿಗಳನ್ನು ಕುರಿತು ಅವನೊಂದು ಉಪನ್ಯಾಸ ಮಾಡಿದನು. ಅದೇ ಬೆಳೆದು 1907ರಲ್ಲಿ 'ಎಕ್ಸ್‌ಟಿಂಕ್ಟ್ ಬರ್ಡ್ಸ್' ಎಂಬ ಬೃಹದ್ಗ್ರಂಥವಾಯಿತು. ಅಚ್ಚಾದ ಪ್ರತಿಗಳು ಕೇವಲ 300. ಕ್ಯೂಲೆಮಾನ್ಸ್, ಲಾಡ್ಜ್, ಫ್ರೋಹಾಕ್ ಮೊದಲಾದ ನುರಿತ ಕಲಾವಿದರು ಅದರ ವರ್ಣಫಲಕಗಳನ್ನು ಬರೆದರು.

ಈ ಫಲಕಗಳ ಸೊಗಸನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಚರಿತ್ರೆಯ ಅಭ್ಯಾಸಿಗೆ ಸೊಗಸಿಗಿಂತ ಮೊದಲು ಏಳುವ ಪ್ರಶ್ನೆ ಬೇರೆ: ಬರೆದವನು ಕಂಡದ್ದೇನು? ಕೆಲವು ಹಕ್ಕಿಗಳಿಗೆ ತೊಗಲುಗಳಿದ್ದವು, ಮೋವಾದಂಥವಕ್ಕೆ ಎಲುಬುಗಳಿದ್ದವು. ಕೆರಿಬಿಯನ್ ದ್ವೀಪಗಳ ಕೆಲವು ಮಕಾವ್ ಗಿಳಿಗಳಿಗಾದರೋ ಹಳೆಯ ಪ್ರವಾಸಿಗಳ ನಾಲ್ಕು ಸಾಲಿನ ವರ್ಣನೆಯ ಹೊರತು ಬೇರೆ ಆಧಾರವೇ ಇರಲಿಲ್ಲ. ಹಾಗಿದ್ದರೂ ಅವು ಗ್ರಂಥದಲ್ಲಿ ರೆಕ್ಕೆಯ ಒಂದೊಂದು ಗರಿಯೂ ಎದ್ದು ಕಾಣುವಂತೆ ಕೊಂಬೆಯ ಮೇಲೆ ಕುಳಿತಿವೆ. ಆಧಾರ ಯಾವುದೆಂಬುದನ್ನು ಗ್ರಂಥದ ಬರಹ ಹೇಳುತ್ತದೆ, ನಿಜ. ಆದರೆ ಚಿತ್ರ ನೋಡಿದವನ ಕಣ್ಣು ಬರಹಕ್ಕೆ ಇಳಿಯುವುದು ಅಪರೂಪ.

ಇದಕ್ಕೆ ನಿದರ್ಶನವೆಂದರೆ ರೀಯೂನಿಯನ್ ದ್ವೀಪದ ಹಕ್ಕಿ. ಫ್ರೆಂಚ್ ಪ್ರವಾಸಿ ದ್ಯುಬ್ವಾ 1674ರಲ್ಲಿ ಅಲ್ಲಿಯ 'ಒಂಟಿಹಕ್ಕಿ'ಯನ್ನು ವರ್ಣಿಸಿದ್ದನು: ಬಿಳಿಯ ಮೈ, ರೆಕ್ಕೆ ಬಾಲಗಳ ತುದಿಯಲ್ಲಿ ಕಪ್ಪು, ನೀಳವಾದ ಕೊಕ್ಕು. ಇತ್ತ ಹಾಲೆಂಡಿನ ವಿಥೋಸ್ ಎಂಬ ಕಲಾವಿದ ಅದೇ ಶತಮಾನದಲ್ಲಿ ಬರೆದ ಬಿಳಿಯ ಡೋಡೋ ಒಂದಿತ್ತು. ಮಾರಿಷಸ್ಸಿನ ಡೋಡೋ ಬೂದುಬಣ್ಣದ್ದಾದುದರಿಂದ ಬಿಳಿಯದು ರೀಯೂನಿಯನ್ನಿನದೇ ಇರಬೇಕೆಂದು ಪಂಡಿತರು ತರ್ಕಿಸಿದರು. ರಾಥ್‌ಚೈಲ್ಡನು ಎರಡನ್ನೂ ನಂಬಿ ಫ್ರೋಹಾಕನಿಂದ ಎರಡು ಬೇರೆ ಬೇರೆ ಹಕ್ಕಿಗಳನ್ನು ಬರೆಯಿಸಿದನು: ಒಂದು ಬಿಳಿಯ ಡೋಡೋ, ಇನ್ನೊಂದು ದ್ಯುಬ್ವಾ ಹೇಳಿದ ಒಂಟಿಹಕ್ಕಿ.

ರೀಯೂನಿಯನ್ನಿನ ನೆಲದಲ್ಲಿ ಡೋಡೋವಿನ ಒಂದು ಎಲುಬೂ ದೊರೆಯಲಿಲ್ಲ. ದೊರೆತದ್ದು ಐಬಿಸ್ ಎಂಬ ಉದ್ದಕೊಕ್ಕಿನ ನೀರುಹಕ್ಕಿಯ ಎಲುಬು. 1987ರಲ್ಲಿ ಅದರ ಶಾಸ್ತ್ರೀಯ ವಿವರಣೆ ಹೊರಬಂದಿತು. ದ್ಯುಬ್ವಾನ ಒಂಟಿಹಕ್ಕಿ ಇದೇ ಎಂಬುದು 1990ರ ದಶಕದಿಂದ ವಿದ್ವಾಂಸರ ಅಭಿಪ್ರಾಯ. ಬಿಳಿಯ ಡೋಡೋವಿನ ಚಿತ್ರಗಳ ಮೂಲವನ್ನು 1611ರ ಸುಮಾರಿಗೆ ಸೇವರಿ ಎಂಬವನು ಬರೆದ ಚಿತ್ರದಲ್ಲಿ ಗುರುತಿಸುತ್ತಾರೆ. ಪ್ರಾಗ್ ನಗರದ ಆಸ್ಥಾನದಲ್ಲಿದ್ದ ತುಂಬಿದ ತೊಗಲೊಂದು ಅವನಿಗೆ ಮಾದರಿಯಾಗಿದ್ದಂತೆ ತೋರುತ್ತದೆ. ಹೀಗೆ ಚಿತ್ರದಿಂದ ಚಿತ್ರ ಹುಟ್ಟಿ, ಇಲ್ಲದ ಹಕ್ಕಿಯೊಂದು 'ಅಳಿದುಹೋದ' ಹಕ್ಕಿಗಳ ಪಟ್ಟಿಗೆ ಸೇರಿತು.

ಇದ್ದ ಹಕ್ಕಿಗಳ ಪಾಡು ಬೇರೆ. ರಾಥ್‌ಚೈಲ್ಡನು 1890ರಲ್ಲಿ ಹವಾಯಿಗೆ ಕಳುಹಿಸಿದ ಪಾಮರ್ ಎಂಬ ಸಂಗ್ರಾಹಕನು ಅಲ್ಲಿಯ ಕಾಡಿನಲ್ಲಿ ದಪ್ಪಕೊಕ್ಕಿನ ಹೊಸ ಹಕ್ಕಿಯೊಂದನ್ನು ಹೊಡೆದು ತಂದನು. 1892ರಲ್ಲಿ ಅದಕ್ಕೆ ಪಾಮರನ ಹೆಸರನ್ನೇ ಇಡಲಾಯಿತು. 1896ರ ತರುವಾಯ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ ಕುಲ ನಶಿಸಿದ್ದು ಕೋವಿಯೊಂದರಿಂದಲೇ ಎನ್ನುವುದು ಅನ್ಯಾಯವಾದೀತು. ಕಾಡು ಕಡಿದದ್ದು, ಹೊರಗಿನಿಂದ ಬಂದ ಇಲಿ, ರೋಗ ಇವೆಲ್ಲ ಸೇರಿದ್ದವು. ಆದರೂ ಅಳಿವಿನ ಚರಿತ್ರೆಯನ್ನು ಬರೆದವನೂ ಕೊನೆಯ ಹಕ್ಕಿಗಳನ್ನು ಹೊಡೆಯಿಸಿದವನೂ ಒಬ್ಬನೇ ಎಂಬುದನ್ನು ಮರೆಯುವಂತಿಲ್ಲ. ಆ ತೊಗಲುಗಳಿಲ್ಲದಿದ್ದರೆ ಆ ಹಕ್ಕಿ ಇತ್ತೆಂಬುದೂ ತಿಳಿಯುತ್ತಿರಲಿಲ್ಲವೆಂಬುದು ಇದರ ಇನ್ನೊಂದು ಮುಖ. 1932ರಲ್ಲಿ ಅವನು ಸುಮಾರು 2,80,000 ತೊಗಲುಗಳನ್ನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ 2,25,000 ಡಾಲರಿಗೆ ಮಾರಿದನು. ತೊಗಲೊಂದಕ್ಕೆ ಒಂದು ಡಾಲರೂ ಬೀಳಲಿಲ್ಲ!

1907ರಲ್ಲಿ ರಾಥ್‌ಚೈಲ್ಡನಿಗೆ ತಿಳಿದಿರದ ಡೋಡೋ ಚಿತ್ರವೊಂದು ರಷ್ಯದಲ್ಲಿತ್ತು. ಸಂತ ಪೀಟರ್ಸ್‌ಬರ್ಗಿನ ಸಂಗ್ರಹದಲ್ಲಿದ್ದ ಆ ಮೊಗಲ್ ಚಿತ್ರವನ್ನು 1958ರಲ್ಲಿ ಇವಾನೊವ್ ಎಂಬ ವಿದ್ವಾಂಸರು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದರು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನ ಕೃತಿ ಅದೆಂದು ಊಹೆ. ಕಾಲ 1625ರ ಆಸುಪಾಸು. ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಸೂರತ್ತಿನಲ್ಲಿ ಎರಡು ಡೋಡೋಗಳನ್ನು ಕಂಡುದಾಗಿ ಬರೆದಿರುವುದೂ ಹೆಚ್ಚುಕಡಿಮೆ ಅದೇ ಕಾಲದ್ದು. ಆದುದರಿಂದ ಚಿತ್ರಕಾರನು ಜೀವಂತ ಹಕ್ಕಿಯನ್ನೇ ನೋಡಿ ಬರೆದಿರಬೇಕೆಂಬ ಮಾತಿಗೆ ಬಲವಿದೆ. ಡೋಡೋವಿನ ಬಣ್ಣವನ್ನು ತಿಳಿಯಲು ಇಂದು ತಜ್ಞರು ಅತ್ಯಂತ ನೆಚ್ಚುವ ಚಿತ್ರಗಳಲ್ಲಿ ಇದೂ ಒಂದು. ಅದಕ್ಕೆ ಕಾರಣ ಡೋಡೋವಿನ ಸುತ್ತಲೂ ಇದೆ. ಪಟ್ಟೆತಲೆಯ ಹೆಬ್ಬಾತು, ಹಿಮಾಲಯದ ಟ್ರಾಗೋಪಾನ್, ಒಂದು ಪುಟ್ಟ ಗಿಳಿ, ಇವನ್ನು ಅದೇ ಕುಂಚ ಅದೇ ಹಾಳೆಯಲ್ಲಿ ಬರೆದಿದೆ. ಅವು ಇಂದಿಗೂ ಬದುಕಿರುವ ಹಕ್ಕಿಗಳಾದುದರಿಂದ ಕುಂಚದ ಪ್ರಾಮಾಣಿಕತೆಯನ್ನು ಒರೆಗೆ ಹಚ್ಚಬಹುದು. ಅವು ತಪ್ಪಿಲ್ಲದೆ ಮೂಡಿರುವುದರಿಂದ, ಅವುಗಳ ನಡುವೆ ನಿಂತ ಕಂದುಬಣ್ಣದ ದಡೂತಿ ಹಕ್ಕಿಯನ್ನೂ ವಿದ್ವಾಂಸರು ನಂಬುತ್ತಾರೆ.