ಇರುಳಾಟದ ಟಿಕೇಟು

ಹಗಲಿನ ನೋಟಕ್ಕೆ ಒಂದು ದರ, ಇರುಳಿನ ನೋಟಕ್ಕೆ ಇನ್ನೊಂದು ದರ ಎಂಬುದು ವ್ಯಾಪಾರಿಗಳು ನಿನ್ನೆ ಮೊನ್ನೆ ಕಲಿತ ಪಾಠವಲ್ಲ. ಆದರೆ ಇರುಳಿನ ದರವು ಹಗಲಿನದಕ್ಕಿಂತ ಮಿಗಿಲಾದಾಗ, ಆ ಮಿಗಿಲಾದ ಹಣಕ್ಕೆ ಪ್ರತಿಯಾಗಿ ತನಗೆ ದೊರೆಯುವುದೇನು ಎಂದು ಕೇಳುವ ಹಕ್ಕು ಹಣ ತೆರುವವನಿಗೆ ಇದ್ದೇ ಇದೆ.

ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿ ಕಂಪೆನಿಯವರ ದೊಡ್ಡದೊಂದು ವಿನೋದದ ಉದ್ಯಾನವಿದೆ. 2016ರಲ್ಲಿ ಅವರು ಒಂದು ಹೊಸ ಏರ್ಪಾಡು ಮಾಡಿದರು. ಸಾಮಾನ್ಯ ಜನರಿಗೆ ಬಾಗಿಲು ಮುಚ್ಚಿದ ಮೇಲೆ ಮೂರು ಗಂಟೆಗಳ ಕಾಲ ಎಣಿಸಿದಷ್ಟೇ ಜನರನ್ನು ಒಳಗೆ ಉಳಿಸಿಕೊಳ್ಳುವುದು. ಅದಕ್ಕೆ ತಲೆಗೆ 149 ಡಾಲರು, ಎಂದರೆ ಅಂದಿನ ಲೆಕ್ಕಕ್ಕೆ ಸುಮಾರು 10,000 ರೂಪಾಯಿ. ತಿರುಗುವ ತೊಟ್ಟಿಲುಗಳು ಅವೇ, ಓಡುವ ಬಂಡಿಗಳು ಅವೇ. ಇಲ್ಲದುದು ಒಂದೇ: ಜನರ ಸಾಲು. ನಮ್ಮ ನಾಡಿನಲ್ಲಿಯೂ, ಬೆಂಗಳೂರಿನ ಬಳಿಯ ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿ ಸಾಲು ತಪ್ಪಿಸುವ ಟಿಕೇಟಿಗೆ ಬೇರೆಯೇ ದರವಿದೆ. ಪ್ರವಾಸ ಮುಗಿಸಿ ಬಂದ ಕಾಲೇಜಿನ ಹುಡುಗರು, ಆ ಹೆಚ್ಚಿನ ದುಡ್ಡು ಸಾರ್ಥಕವೆ ದಂಡವೆ ಎಂದು ವಾದಿಸುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಈ ವಾದಕ್ಕೆ ನಮ್ಮ ಸಿದ್ಧಕಟ್ಟೆಯ ಸುತ್ತಣ ಕೊಯ್ದ ಗದ್ದೆಗಳಲ್ಲಿ ಒಂದು ಹಳೆಯ ಉತ್ತರವಿದೆ. ಅದನ್ನು ಎತ್ತಿಕೊಳ್ಳುವ ಮುನ್ನ ಲಂಡನ್ ಪಟ್ಟಣದ ಒಂದು ಹಳೆಯ ತೋಟವನ್ನು ನೋಡಿ ಬರುವುದು ಒಳ್ಳೆಯದು. ಏಕೆಂದರೆ ಈ ವ್ಯಾಪಾರದ ಎರಡು ದಾರಿಗಳೂ ಅಲ್ಲಿ ಒಂದೇ ಕಡೆ ಕಾಣಸಿಗುತ್ತವೆ.

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ವಾಕ್ಸ್‌ಹಾಲ್ ಎಂಬ ಉದ್ಯಾನವಿದ್ದಿತು. ಜೊನಾಥನ್ ಟೈಯರ್ಸ್ ಎಂಬಾತ ಅದರ ಒಡೆಯ. 1732ರ ಜೂನ್ ತಿಂಗಳಿನಲ್ಲಿ ಆತ ಅಲ್ಲಿ ಒಂದು ಇರುಳಿನ ಉತ್ಸವ ನಡೆಸಿದ. ಟಿಕೇಟಿಗೆ ಒಂದು ಗಿನಿ, ಎಂದರೆ 21 ಶಿಲ್ಲಿಂಗು. ಬಂದವರು ಸುಮಾರು 400 ಮಂದಿ. ಅವರಲ್ಲಿ ಯುವರಾಜನೂ ಒಬ್ಬ. ಇದು ಇಂದಿನ ಡಿಸ್ನಿಯವರ ದಾರಿ: ಬೆಲೆ ಏರಿಸು, ಜನರನ್ನು ಇಳಿಸು. ಕೆಲವೇ ವರ್ಷಗಳಲ್ಲಿ ಅದೇ ಟೈಯರ್ಸ್ ಪ್ರವೇಶದ ದರವನ್ನು ಒಂದು ಶಿಲ್ಲಿಂಗಿಗೆ ನಿಲ್ಲಿಸಿದ. 1792ರ ವರೆಗೆ, ಎಂದರೆ ಆತ ತೀರಿಕೊಂಡ ಮೇಲೂ ಬಹುಕಾಲ, ಆ ದರ ಬದಲಾಗಲಿಲ್ಲ. ತೋಟ ಹೆಸರಾದುದು ಗಿನಿಯ ಟಿಕೇಟಿನಿಂದಲ್ಲ, ಶಿಲ್ಲಿಂಗಿನ ಟಿಕೇಟಿನಿಂದ. ಸಾವಿರಾರು ದೀಪಗಳು ಒಮ್ಮೆಲೆ ಹೊತ್ತಿಕೊಳ್ಳುವುದನ್ನು ನೋಡಲು ದೊರೆಯ ಮಗನೂ ಅಂಗಡಿಯ ಗುಮಾಸ್ತನೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದರು. 1749ರಲ್ಲಿ ಸಂಗೀತಗಾರ ಹ್ಯಾಂಡೆಲನ ಒಂದು ಕೃತಿಯ ತಾಲೀಮನ್ನು ಕೇಳಲು ಅಲ್ಲಿಗೆ 12,000 ಮಂದಿ ಎರಡೂವರೆ ಶಿಲ್ಲಿಂಗು ಕೊಟ್ಟು ಬಂದರಂತೆ. ಲಂಡನ್ ಸೇತುವೆಯ ಮೇಲೆ ಗಾಡಿಗಳು ಮೂರು ಗಂಟೆ ಕಾಲ ಅಲುಗದೆ ನಿಂತವಂತೆ. ಅಂದು ಅಲ್ಲಿದ್ದವರು ಬಳಿಕ ಹೇಳಿಕೊಂಡುದು ಕಿವಿಗೆ ಬಿದ್ದ ಸಂಗೀತವನ್ನಷ್ಟೇ ಅಲ್ಲ, ಆ ಜನಸಂದಣಿಯನ್ನು ಕೂಡ.

ಇನ್ನು ನಮ್ಮ ಕಡೆಗೆ ಬರೋಣ. ಬಂಟ್ವಾಳಕ್ಕೂ ಮೂಡುಬಿದಿರೆಗೂ ನಡುವೆ ಇರುವ ಈ ಊರಿನಲ್ಲಿ ಇರುಳಿನ ನೋಟವೆಂದರೆ ಯಕ್ಷಗಾನ. ದೀಪಾವಳಿಯ ತರುವಾಯ ಮೇಳಗಳು ಹೊರಡುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತವೆ. ಈ ಆರು ತಿಂಗಳು ಗದ್ದೆಗೆ ಹಗಲಿನಲ್ಲಿ ಒಂದು ಕೆಲಸ, ಇರುಳಿನಲ್ಲಿ ಇನ್ನೊಂದು. ಬಯಲಾಟದ ಪದ್ಧತಿ ತಿಳಿಯದವರಿಗಾಗಿ ಎರಡು ಮಾತು ಹೇಳುತ್ತೇನೆ. ಒಂದು ಮನೆಯವರು, ಮಗು ಹುಟ್ಟಿತೆಂದೋ ಬೇನೆ ವಾಸಿಯಾಯಿತೆಂದೋ ವ್ಯಾಜ್ಯ ಗೆದ್ದಿತೆಂದೋ, ದೇವಿಗೆ ಆಟದ ಹರಕೆ ಹೊರುತ್ತಾರೆ. ಮೇಳಕ್ಕೆ ವೀಳ್ಯ ಕೊಟ್ಟು ದಿನ ಗೊತ್ತುಮಾಡುತ್ತಾರೆ. ಕಟೀಲಿನ ಮೇಳಗಳ ಆಟಕ್ಕಾದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಆ ದಿನ ಸಂಜೆ ಚೆಂಡೆಯವರು ಬಯಲಿಗೆ ಬಂದು ಕೇಳಿ ಹೊಡೆಯುತ್ತಾರೆ. ಅದು ಕರೆಯೋಲೆ. ಗುಡ್ಡದಾಚೆಯ ಮನೆಗೂ ಅದು ಕೇಳಿಸುತ್ತದೆ. ಯಾರ ಹೆಸರನ್ನೂ ಅದು ಬಿಡುವುದಿಲ್ಲ. ಚೌಕಿಯಲ್ಲಿ ಪೂಜೆಯಾಗುತ್ತದೆ, ಬಂದವರಿಗೆ ಊಟವಾಗುತ್ತದೆ, ಆಮೇಲೆ ಬೆಳಗಿನ ವರೆಗೆ ಆಟ. ನೋಡುವವನಿಗೆ ಕಾಸಿನ ಖರ್ಚಿಲ್ಲ. ಮನೆಯಿಂದ ಒಂದು ಚಾಪೆ, ದಾರಿಗೊಂದು ಸೂಟೆ ತಂದರೆ ಆಯಿತು.

ಹಾಗೆಂದು ಆ ಆಟ ಅಗ್ಗದ್ದೆಂದು ತಿಳಿಯಬಾರದು. ಇಂದು ಊಟ, ಚಪ್ಪರ, ದೀಪ, ಮೇಳದ ವೀಳ್ಯ ಎಲ್ಲವೂ ಸೇರಿದರೆ ಲೆಕ್ಕ ಲಕ್ಷದ ಮಾತಿಗೆ ಬರುತ್ತದೆ. ಎಂದರೆ ಒಂದು ರಾತ್ರಿಯ ನೋಟಕ್ಕೆ ನಮ್ಮವನೊಬ್ಬನು ತೆರುವ ಹಣ, ಫ್ಲಾರಿಡಾದ ಯಾವ ಟಿಕೇಟಿಗೂ ಸೋಲುವುದಿಲ್ಲ! ವ್ಯತ್ಯಾಸವಿರುವುದು ಬೇರೆ ಕಡೆ. ಅಲ್ಲಿಯವನು ಇತರರು ಇಲ್ಲದಿರಲೆಂದು ಹಣ ಕೊಡುತ್ತಾನೆ. ಇಲ್ಲಿಯವನು ಇತರರು ಇರಲೆಂದು ಹಣ ಕೊಡುತ್ತಾನೆ. ಆಟಕ್ಕೆ ಜನ ಕಡಿಮೆಯಾದರೆ ಆಡಿಸಿದವನಿಗೆ ಮುಖಭಂಗ. ಗದ್ದೆಯ ಅಂಚಿನವರೆಗೆ ತಲೆಗಳು ತುಂಬಿದರೆ ಹರಕೆ ಸಂದಿತೆಂದು ಮನಸ್ಸಿಗೆ ನೆಮ್ಮದಿ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಚರಿತ್ರೆ ಅರ್ಧವಾಗುತ್ತದೆ. ಬಯಲಾಟ ಉಚಿತವಾಗಿತ್ತು ನಿಜ. ಎಲ್ಲರಿಗೂ ಸಮಾನವಾಗಿತ್ತೆಂದು ಹೇಳುವಂತಿಲ್ಲ. ಗದ್ದೆ ಧನಿಗಳದು. ಕುರ್ಚಿ ಹಾಕುತ್ತಿದ್ದುದು ಅವರಿಗೆ, ಅವರ ನೆಂಟರಿಗೆ. ಒಕ್ಕಲಿನವರಿಗೆ ನೆಲ. ಅಸ್ಪೃಶ್ಯರೆನಿಸಿಕೊಂಡವರು ಆ ನೆಲದಿಂದಲೂ ದೂರ, ಕತ್ತಲೆಯ ಅಂಚಿನಲ್ಲಿ. ಅವರ ಪಾಲಿಗೆ ಟಿಕೇಟಿಲ್ಲದ ಆಟಕ್ಕೂ ಒಂದು ತಡೆಬೇಲಿಯಿದ್ದಿತು. ಅದನ್ನು ಹಣ ಕೊಟ್ಟು ದಾಟುವ ದಾರಿಯೂ ಇರಲಿಲ್ಲ. ಉಚಿತವೆಂಬ ಮಾತು ಕೇಳಿದಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಡೇರೆಯ ಮೇಳಗಳು ಬಂದುದು ಇಂಥ ಹೊತ್ತಿನಲ್ಲಿ, 1950ರ ಆಚೀಚೆ. ಇರಾ ಗ್ರಾಮದ ಕಲ್ಲಾಡಿ ಮನೆತನದ ಕೊರಗ ಶೆಟ್ಟರು, ಕರ್ನಾಟಕ ಮೇಳವನ್ನು ನಡೆಸಿದ ವಿಠಲ ಶೆಟ್ಟರು, ಸುರತ್ಕಲ್ ಮೇಳದ ಕಸ್ತೂರಿ ಪೈ ಸೋದರರು ಈ ಕಾಲದ ದೊಡ್ಡ ಹೆಸರುಗಳು. ಧರ್ಮಸ್ಥಳದ ಮೇಳವೂ ಡೇರೆ ಕಟ್ಟಿತು. ಗದ್ದೆಯ ಸುತ್ತ ಬಟ್ಟೆಯ ಗೋಡೆ ಎದ್ದಿತು. ಗೋಡೆಗೆ ಬಾಗಿಲು ಬಂದಿತು. ಬಾಗಿಲಲ್ಲಿ ಟಿಕೇಟಿನವನು ಕುಳಿತನು. ಗ್ಯಾಸಿನ ದೀಪದ ಸ್ಥಾನಕ್ಕೆ ವಿದ್ಯುದ್ದೀಪ ಬಂದಿತು. ಪೆಟ್ಟಿಗೆ ಹೊತ್ತು ಊರಿಂದೂರಿಗೆ ನಡೆಯುತ್ತಿದ್ದ ಕಲಾವಿದರಿಗೆ ಲಾರಿ ಬಂದಿತು. ಕರಪತ್ರದಲ್ಲಿ ವೇಷಧಾರಿಯ ಹೆಸರು ದೊಡ್ಡ ಅಕ್ಷರದಲ್ಲಿ ಅಚ್ಚಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಕೇಳಲೆಂದೇ ಜನ ಹತ್ತಾರು ಮೈಲಿ ದೂರದಿಂದ ಬಂದರು. ತುಳು ಪ್ರಸಂಗಗಳು ಡೇರೆಯಲ್ಲಿಯೇ ಬೆಳೆದು ಮನೆಮಾತಾದುವು. ಡೇರೆಯ ದುಡ್ಡಿನಿಂದ ಕಲಾವಿದನ ಸಂಬಳ ಏರಿತೆಂಬುದನ್ನು ಡೇರೆಯನ್ನು ಹಳಿಯುವವರೂ ಒಪ್ಪಬೇಕು. ಇನ್ನೊಂದು ಮಾತು: ಟಿಕೇಟಿನವನು ಚಿಲ್ಲರೆ ಕೇಳಿದನೇ ಹೊರತು ಜಾತಿ ಕೇಳಲಿಲ್ಲ. ಧನಿಗಳ ಗದ್ದೆಯಲ್ಲಿ ದೂರ ನಿಂತವನ ಮಗನು, ಕೈಯಲ್ಲಿ ಕಾಸಿದ್ದರೆ, ಡೇರೆಯ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದಾಗಿತ್ತು. ಇದು ಸಣ್ಣ ಸಂಗತಿಯಲ್ಲ.

ಆದರೆ ಡೇರೆ ತನ್ನದೇ ಆದ ವರ್ಣವ್ಯವಸ್ಥೆಯನ್ನು ತಂದಿತು: ಆರಾಮಕುರ್ಚಿ, ಕುರ್ಚಿ, ನೆಲ. ಮೂವರೂ ನೋಡುವುದು ಒಂದೇ ರಂಗಸ್ಥಳ, ಕೇಳುವುದು ಒಬ್ಬರೇ ಭಾಗವತರ ಪದ. ಹಾಗಾದರೆ ಆರಾಮಕುರ್ಚಿಯ ಹೆಚ್ಚಿನ ಹಣ ಕೊಂಡುದು ಏನನ್ನು? ಬೆನ್ನಿಗೆ ಒಂದಿಷ್ಟು ಆಸರೆಯನ್ನು. ಪಕ್ಕದವನ ಮೊಣಕೈಯಿಂದ ಬಿಡುಗಡೆಯನ್ನು. ಮತ್ತು, ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ನೆಲದವರು ತನ್ನನ್ನು ನೋಡುತ್ತಿದ್ದಾರೆಂಬ ಸುಖವನ್ನು.

ಜೂಲ್ ದ್ಯುಪುಯಿ ಎಂಬ ಫ್ರೆಂಚ್ ಇಂಜಿನಿಯರು 1849ರಲ್ಲಿ ರೈಲಿನ ಮೂರನೆಯ ತರಗತಿಯನ್ನು ಕುರಿತು ಒಂದು ಸೂಕ್ಷ್ಮವನ್ನು ಬರೆದ. ಆ ಡಬ್ಬಿಗಳಿಗೆ ಮಾಡು ಇಲ್ಲದಿರುವುದು ಮಾಡಿನ ಖರ್ಚು ಉಳಿಸಲೆಂದಲ್ಲ, ಬಡವರ ಮೇಲಿನ ದ್ವೇಷದಿಂದಲೂ ಅಲ್ಲ. ಎರಡನೆಯ ತರಗತಿಯ ದುಡ್ಡು ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಿರಲಿ ಎಂದು. ಕೆಳಗಿನ ದರ್ಜೆಯ ಅನಾನುಕೂಲವೇ ಮೇಲಿನ ದರ್ಜೆಯ ಸರಕು ಎಂದು ಇದರ ತಾತ್ಪರ್ಯ. ವಿನೋದೋದ್ಯಾನದವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಹಗಲಿನ ಸಾಲು ಉದ್ದವಾದಷ್ಟೂ ಸಾಲು ತಪ್ಪಿಸುವ ಟಿಕೇಟಿಗೆ ಗಿರಾಕಿ ಹೆಚ್ಚು. ಸಾಲನ್ನು ಮೊಟಕುಮಾಡಬೇಕೆಂಬ ಆತುರ ಅಂಥ ವ್ಯಾಪಾರದಲ್ಲಿ ತಾನಾಗಿಯೇ ಕುಗ್ಗುತ್ತದೆ. ಇದು ನಾವು ಎಚ್ಚರದಿಂದಿರಬೇಕಾದ ಸ್ಥಳ.

ಡೇರೆಯಲ್ಲಿ ಮಾತ್ರ ಈ ಲೆಕ್ಕ ಪೂರ್ತಿ ಕೂಡಿಬರಲಿಲ್ಲವೆಂಬುದನ್ನು ನನ್ನ ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಆಗ ಡೇರೆಯ ಕಾಲ ಇಳಿಮುಖವಾಗಿತ್ತು. ನಮ್ಮದು ಯಾವಾಗಲೂ ನೆಲದ ಟಿಕೇಟು. ಹಾಸ್ಯಗಾರನ ಮಾತಿಗೆ ನಗು ಮೊದಲು ಏಳುತ್ತಿದ್ದುದು ನೆಲದಲ್ಲಿ. ಅದು ಕುರ್ಚಿಗಳಿಗೆ ಹಬ್ಬಲು ಒಂದು ಗಳಿಗೆ ಬೇಕಾಗುತ್ತಿತ್ತು. ಕಲಾವಿದರೂ ಅದನ್ನು ಬಲ್ಲರು; ಮಾತಿನ ಕೊನೆಯನ್ನು ಅವರು ನೆಲದ ಕಡೆಗೆ ತಿರುಗಿ ಬಿಡುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಬಾಗಿಲಿನವನ ಬಿಗಿ ಸಡಿಲವಾಗುತ್ತಿತ್ತು. ಹೊರಗೆ ಚರುಂಬುರಿಯ ಗಾಡಿಯ ಬಳಿ ನಿಂತ ಹುಡುಗರು ಒಬ್ಬೊಬ್ಬರಾಗಿ ಒಳಗೆ ಸೇರುತ್ತಿದ್ದರು. ಬೆಳಗಿನ ಜಾವದ ಬಣ್ಣದ ವೇಷ ಅಟ್ಟಹಾಸ ಮಾಡುವ ಹೊತ್ತಿಗೆ ಆರಾಮಕುರ್ಚಿಯವರಲ್ಲಿ ಅನೇಕರು ಒರಗಿದಲ್ಲೇ ನಿದ್ದೆ ಹೋಗಿರುತ್ತಿದ್ದರು. ಕಾಸು ಕೊಡದ ಹುಡುಗರು ಕಣ್ಣರಳಿಸಿ ನೋಡುತ್ತಿದ್ದರು.

ಡೇರೆಯ ಕಾಲ ಮುಗಿದುದು ಏಕೆ? ಟೆಲಿವಿಷನ್ನು, ವಿಡಿಯೋ, ಏರಿದ ಸಾಗಾಟದ ಖರ್ಚು, ತುಂಬದ ಕುರ್ಚಿಗಳು ಎಂದು ಕಾರಣಗಳನ್ನು ಎಣಿಸಬಹುದು. ಕರ್ನಾಟಕ ಮೇಳ, ಸುರತ್ಕಲ್ ಮೇಳಗಳು ನಿಂತುಹೋದುವು. ಧರ್ಮಸ್ಥಳದ ಮೇಳ ಡೇರೆಯನ್ನು ಬಿಟ್ಟು ಸೇವೆಯಾಟಕ್ಕೆ ಮರಳಿತು. ಬಡಗುತಿಟ್ಟಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಆಮೇಲೂ ಬಹುಕಾಲ ಡೇರೆಯನ್ನು ಉಳಿಸಿಕೊಂಡಿದ್ದುವು. ನಮ್ಮ ತೆಂಕಿನಲ್ಲಿ ಅದು ಬಹುಮಟ್ಟಿಗೆ ನೆನಪು.

ಆದರೆ ಬಯಲಾಟ ಮರಳಿ ಬಂದಾಗ ಅದು ಹಳೆಯ ಬಯಲಾಟವಾಗಿ ಉಳಿಯಲಿಲ್ಲ. ನಡುವೆ 1974ರ ಭೂಸುಧಾರಣೆ ಆಗಿಹೋಗಿದ್ದಿತು. ಗೇಣಿಯ ಗದ್ದೆ ಉಳುವವನದಾಯಿತು. ಅವನ ಮಕ್ಕಳು ಕೆಲವರು ಮುಂಬಯಿಗೆ, ಕೊಲ್ಲಿಯ ನಾಡುಗಳಿಗೆ ಹೋಗಿ ದುಡಿದರು. ಒಂದು ಕಾಲದಲ್ಲಿ ಧನಿಗಳ ಆಟವನ್ನು ದೂರದಿಂದ ನೋಡಿದ ಮನೆಯವರು ಈಗ ತಮ್ಮದೇ ಅಂಗಳದ ಮುಂದೆ, ತಮ್ಮದೇ ದುಡ್ಡಿನಲ್ಲಿ, 'ಶ್ರೀದೇವಿ ಮಹಾತ್ಮೆ' ಆಡಿಸಿದರು. ಹಳೆಯ ಬೇಲಿಗಳೆಲ್ಲ ಬಿದ್ದುಹೋದುವೆಂದು ನಾನು ಹೇಳಲಾರೆ. ಆದರೆ ಆಟ ಆಡಿಸುವ ಗೌರವ ಕೈ ಬದಲಾಯಿಸಿತು. ಆ ಗೌರವ ಯಾರ ಕೈಗೆ ಬಂದರೂ ಗದ್ದೆಯ ಸುತ್ತ ಬಟ್ಟೆಯ ಗೋಡೆ ಮಾತ್ರ ಮತ್ತೆ ಏಳಲಿಲ್ಲ. ಶಿವರಾಮ ಕಾರಂತರಿಗೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು 'ಯಕ್ಷಗಾನ ಬಯಲಾಟ' ಎಂಬ ಗ್ರಂಥಕ್ಕೆ. ಡೇರೆಗಳು ಮೆರೆಯುತ್ತಿದ್ದ ದಿನಗಳ ಆ ಹೆಸರಿನಲ್ಲಿ 'ಬಯಲು' ಎಂಬ ಮಾತು ಗಟ್ಟಿಯಾಗಿ ಕುಳಿತಿರುವುದು ನನಗೆ ಅರ್ಥವತ್ತಾಗಿ ಕಾಣುತ್ತದೆ.

ಈಗ ಹುಡುಗರ ಪ್ರಶ್ನೆಗೆ ಉತ್ತರ ಹೇಳಬಹುದು. ದುಬಾರಿಯ ಇರುಳಿನ ಟಿಕೇಟು ಸಾರ್ಥಕವೆ? ನೋಟ ಯಾವ ಜಾತಿಯದೆಂಬುದನ್ನು ಮೊದಲು ನೋಡಬೇಕು. ಯಂತ್ರದ ತೊಟ್ಟಿಲಿನಲ್ಲಿ ಕುಳಿತು ತಿರುಗುವ ಸುಖಕ್ಕೆ ಪಕ್ಕದವನು ಬೇಕಿಲ್ಲ. ಸಾಲಿನಲ್ಲಿ ಮುಂದೆ ನಿಂತವನು ನಮ್ಮ ಹೊತ್ತನ್ನು ತಿನ್ನುತ್ತಾನೆ. ದೂರದಿಂದ ಬಂದವನಿಗೆ, ಎಳೆಯ ಮಕ್ಕಳನ್ನೋ ವಯಸ್ಸಾದವರನ್ನೋ ಕರೆತಂದವನಿಗೆ, ಮತ್ತೆ ಬರುವ ಆಸೆಯಿಲ್ಲದವನಿಗೆ, ಆ ಹೊತ್ತಿನ ಬೆಲೆ ಹೆಚ್ಚೇ. ಅಂಥವನು ದುಡ್ಡು ಕೊಟ್ಟರೆ ದಂಡವೆನ್ನಲಾರೆ. ಹತ್ತಿರದ ಊರಿನವನು, ಮಳೆಗಾಲದ ಒಂದು ವಾರದ ದಿನ ಸುಮ್ಮನೆ ಹೋಗಿ ಬರಬಲ್ಲವನು, ಅದಕ್ಕೆ ಕಾಸು ಸುರಿಯುವುದು ದಡ್ಡತನ.

ಆದರೆ ಜನರಿಂದಲೇ ಕಳೆಯೇರುವ ನೋಟಗಳಿವೆ: ಆಟ, ಜಾತ್ರೆ, ಕಂಬಳ. ಅಲ್ಲಿ ಹೆಚ್ಚು ಹಣ ಕೊಟ್ಟು ಜನರಿಂದ ದೂರವಾದವನು ತಾನು ಕೊಳ್ಳಬಂದ ಸರಕನ್ನೇ ಬಾಗಿಲ ಹೊರಗೆ ಬಿಟ್ಟು ಬಂದಂತೆ. ಇಂದು ದೇವಸ್ಥಾನದ ದರ್ಶನಕ್ಕೂ, ಉತ್ಸವದ ಮೆರವಣಿಗೆಗೂ, ಸಂಗೀತದ ಕಛೇರಿಗೂ ವಿಶೇಷದ ಟಿಕೇಟುಗಳು ಬಂದಿವೆ. ಈ ಎರಡು ಬಗೆಯ ನೋಟಗಳ ಭೇದ ಮರೆತುಹೋದರೆ ನಮ್ಮ ಮಕ್ಕಳು ಗುಂಪನ್ನು ಒಂದು ತೊಂದರೆಯೆಂದೇ ತಿಳಿದು ಬೆಳೆಯುವರು. ಸಿದ್ಧಕಟ್ಟೆಯ ಕಡೆಯ ಹರಕೆಯಾಟದವನು ಲಕ್ಷ ರೂಪಾಯಿ ಕೊಟ್ಟು, ಊರಿನವರ ಊಟ ವಿಚಾರಿಸಿ, ಕೊನೆಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕುಳಿತು ಆಟ ನೋಡುತ್ತಾನೆ. ಅವನ ದುಡ್ಡಿಗೆ ಬಂದ ಪ್ರತಿಫಲವನ್ನು ಲೆಕ್ಕ ಹಾಕಬೇಕಾದರೆ ಆ ಗದ್ದೆಯಲ್ಲಿ ಎಚ್ಚರವಾಗಿದ್ದವರನ್ನೆಲ್ಲ ಎಣಿಸಬೇಕಾಗುತ್ತದೆ.